ಅರ್ಧ ಮಂತ್ರದ ಡಾಕ್ಟರು

ಹೊಸದುರ್ಗದ ಪೇಟೆಯಲ್ಲಿ ಮುರುಗೇಶಪ್ಪನಿಗೆ ‘ಅರ್ಧ ಮಂತ್ರದ ಡಾಕ್ಟರು’ ಎಂಬ ಹೆಸರಿತ್ತು. ಕೊಬ್ಬರಿ ವರ್ತಕರು ಚಂದಾ ಎತ್ತಿ ಕಟ್ಟಿಸಿದ್ದ ಧರ್ಮಾಸ್ಪತ್ರೆಗೆ ಅವನೇ ಮೊದಲ ಡಾಕ್ಟರು. ಕುರು, ಗಂಟು, ಒಳಗೆ ಮುರಿದುಕೊಂಡ ಮುಳ್ಳು, ಏನೇ ಇರಲಿ, ರೋಗಿಯನ್ನು ಮೇಜಿನ ಮೇಲೆ ಮಲಗಿಸಿ ‘ಪಂಚಾಕ್ಷರಿ ಹೇಳ್ರಿ’ ಎನ್ನುತ್ತಿದ್ದ. ರೋಗಿ ‘ಓಂ ನಮಃ’ ಎಂದು ‘ಶಿವಾಯ’ಕ್ಕೆ ಬಾಯಿ ತೆರೆಯುವಷ್ಟರಲ್ಲಿ ಕತ್ತಿ ತನ್ನ ಕೆಲಸ ಮುಗಿಸಿರುತ್ತಿತ್ತು. ಉಳಿದರ್ಧ ಮಂತ್ರ ಅರಚಾಟದಲ್ಲಿ ಕಳೆದುಹೋಗುತ್ತಿತ್ತು. ಸಾಬರು ಬಂದರೆ ಬಿಸ್ಮಿಲ್ಲಾ ಹೇಳಿಸುತ್ತಿದ್ದ. ಅದೂ ಅರ್ಧಕ್ಕೇ ನಿಲ್ಲುತ್ತಿತ್ತು.

ಬೀರುವಿನಲ್ಲಿ ಕ್ಲೋರೋಫಾರಂ ಸೀಸೆ ಇತ್ತು. ಆದರೆ ಅದನ್ನು ಮೂಸಿಸಿದರೆ ಉಸಿರು, ನಾಡಿ ನೋಡಿಕೊಂಡಿರಲು ಇನ್ನೊಬ್ಬ ಕಲಿತವನು ಬೇಕು. ಅಲ್ಲಿದ್ದವನು ಕಾಟಯ್ಯ ಒಬ್ಬನೇ. ಕಾಟಯ್ಯನ ಕೆಲಸ ಹಿಡಿದುಕೊಳ್ಳುವುದು. ಅವನು ಒಮ್ಮೆ ಕಾಲು ಅದುಮಿದನೆಂದರೆ ಎಂಥ ಆಳೂ ಮಿಸುಕುವಂತಿರಲಿಲ್ಲ. ಕೈಕಾಲು ತೆಗೆಯುವಂಥ ದೊಡ್ಡ ಕೆಲಸವಿದ್ದರೆ ರೋಗಿಯನ್ನು ಚಿತ್ರದುರ್ಗಕ್ಕೆ ಸಾಗಿಸುತ್ತಿದ್ದರು. ಸಣ್ಣವೆಲ್ಲ ಮುರುಗೇಶಪ್ಪನ ವೇಗ ಮತ್ತು ಕಾಟಯ್ಯನ ತೋಳು, ಇವೆರಡರ ಮೇಲೆ ನಡೆದುಹೋಗುತ್ತಿದ್ದವು.

ಆಸ್ಪತ್ರೆಯ ಹಿಂಬದಿಗೇ ಡಾಕ್ಟರ ಮನೆ. ಕತ್ತಿಕೋಣೆಗೂ ಮನೆಯ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಕತ್ತಿಯ ಕೆಲಸವಿದ್ದ ಬೆಳಿಗ್ಗೆಗಳಲ್ಲಿ ಆ ಗೋಡೆಯಾಚೆ ಬೀಸುವ ಕಲ್ಲಿನ ಸದ್ದು ಕೇಳುತ್ತಿತ್ತು. ಹೆಂಡತಿ ಮರುಳಸಿದ್ದಮ್ಮ ಕೆಲಸದವಳನ್ನು ನೆಚ್ಚಿಕೊಳ್ಳದೆ ರಾಗಿ ತಾನೇ ಬೀಸುತ್ತಾಳೆ ಎಂಬುದು ಮುರುಗೇಶಪ್ಪನಿಗೆ ಹೆಮ್ಮೆಯ ವಿಷಯವಾಗಿತ್ತು. ಮನೆಯಲ್ಲಿ ಯಾವಾಗಲೂ ತಿನ್ನುವುದಕ್ಕಿಂತ ಹೆಚ್ಚು ಹಿಟ್ಟಿರುತ್ತಿತ್ತು. ಹುಳ ಬೀಳುವ ಮೊದಲು ಅವಳು ಅದನ್ನು ಆಸ್ಪತ್ರೆಯ ಆಯಾ ಓಬವ್ವನ ಮಡಿಲಿಗೆ ಸುರಿದುಬಿಡುತ್ತಿದ್ದಳು.

ಮರುಳಸಿದ್ದಮ್ಮನ ಕುತ್ತಿಗೆಯ ಹಿಂಭಾಗದಲ್ಲಿ ಒಂದು ಕೊಬ್ಬಿನ ಗಂಟಿತ್ತು. ಮೊದಲು ಅಡಿಕೆಯಷ್ಟಿದ್ದದ್ದು ಬರಬರುತ್ತ ನಿಂಬೆಹಣ್ಣಿನಷ್ಟಾಗಿತ್ತು. ಅದನ್ನು ಮುಚ್ಚಲು ಅವಳು ತುರುಬನ್ನು ಕೆಳಗೆ ಇಳಿಸಿ ಕಟ್ಟುತ್ತಿದ್ದಳು. ವರ್ಷಕ್ಕೊಮ್ಮೆಯಾದರೂ ಮುರುಗೇಶಪ್ಪ, ‘ಬಾರೇ, ಅರ್ಧ ಮಂತ್ರದಾಗೆ ತೆಗೆದು ಬಿಸಾಕ್ತೀನಿ’ ಎನ್ನುವುದಿತ್ತು. ಅವಳು, ‘ಇರ್ಲಿ ಬಿಡ್ರಿ, ನೋಯ್ತೈತಾ ಏನಾ’ ಎಂದು ಒಳಗೆ ಹೋಗಿಬಿಡುವುದಿತ್ತು. ಗಂಟು ನೋಯದಿರುವಾಗ ಯಾಕೆ ಕುಯ್ಯಬೇಕು ಎಂಬುದು ವೈದ್ಯದ ಪ್ರಕಾರವೂ ಸರಿಯಾದ ಮಾತೇ ಆದ್ದರಿಂದ ಅವನೂ ಸುಮ್ಮನಾಗಿದ್ದ.

೧೯೧೨ರ ದೀಪಾವಳಿ ಕಳೆದ ಮೇಲೆ ಆಸ್ಪತ್ರೆಗೆ ಎರಡನೆಯ ಡಾಕ್ಟರು ಬಂದ. ತುರುವನೂರಿನ ಕಡೆಯ ಹುಡುಗ, ಮದರಾಸಿನಲ್ಲಿ ಓದಿದವನು, ಹೆಸರು ಶಿವಕುಮಾರಪ್ಪ. ಅವನ ಪೆಟ್ಟಿಗೆಯಲ್ಲಿ ಗಾಜಿನ ಪಿಚಕಾರಿಯೊಂದು, ಗಾಜಿನ ಕೊಳವೆಯಲ್ಲಿ ಜೋಡಿಸಿಟ್ಟ ಬಿಳಿ ಗುಳಿಗೆಗಳು ಇದ್ದವು. ಗುಳಿಗೆ ಜರ್ಮನಿಯಲ್ಲಿ ತಯಾರಾದ ನೊವೊಕೇನ್. ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ಅದನ್ನು ಕರಗಿಸಿ, ಕುಯ್ಯುವ ಜಾಗದ ಸುತ್ತ ಸೂಜಿಯಿಂದ ಹಾಕಿದರೆ ಅಷ್ಟು ಭಾಗ ಮಾತ್ರ ಮರಗಟ್ಟುತ್ತಿತ್ತು. ಗುಳಿಗೆಯಲ್ಲಿ ರಕ್ತನಾಳಗಳನ್ನು ಬಿಗಿಯುವ ಇನ್ನೊಂದು ಮದ್ದೂ ಸೇರಿರುತ್ತಿದ್ದುದರಿಂದ ರಕ್ತವೂ ಹೆಚ್ಚು ಹರಿಯುತ್ತಿರಲಿಲ್ಲ.

ಶಿವಕುಮಾರಪ್ಪನ ಮೊದಲ ರೋಗಿ ಗಾಡಿ ಹೊಡೆಯುವ ದೊಡ್ಡತಿಮ್ಮಪ್ಪ. ಅವನ ಬೆನ್ನಿನ ಮೇಲೆ ಗಂಟಿತ್ತು. ಮುರುಗೇಶಪ್ಪ ಬಾಗಿಲ ಬಳಿ ನಿಂತು ನೋಡಿದ. ಕಾಟಯ್ಯ ರೂಢಿಯಂತೆ ಕಾಲು ಹಿಡಿದಿದ್ದ.

‘ಕಾಲು ಬಿಡೋ ಕಾಟಯ್ಯ’ ಎಂದ ಶಿವಕುಮಾರಪ್ಪ. ‘ನಿನ್ನ ಎತ್ತು ಯಾವ ಸಂತೇವು, ತಿಮ್ಮಪ್ಪ?’

‘ಒಂದು ಹಿರಿಯೂರು ಕಡೇದು ಸ್ವಾಮಿ. ಇನ್ನೊಂದು ಮನೇಲೆ ಹುಟ್ಟಿದ್ದು. ಹಿರಿಯೂರಿಂದು ಬಲಗಡೆ ಹೂಡಿದ್ರೆ ಮೈಗಳ್ಳ, ಎಡಕ್ಕೆ ಹಾಕಿದ್ರೆ ಹುಲಿ.’

‘ಹಂಗ್ಯಾಕೆ?’

‘ಬಲಗಡೆ ನಿಂತ್ರೆ ಹೆಂಡ್ತಿ ಮುಂದೆ ನಿಂತಂಗೆ ಆಗ್ತೈತೇನೋ’ ಎಂದು ದೊಡ್ಡತಿಮ್ಮಪ್ಪ ಮಕಾಡೆ ಮಲಗಿಕೊಂಡೇ ನಕ್ಕ. ನಗುವಿಗೆ ಬೆನ್ನು ಅಲುಗಿತು. ‘ಅಲುಗಬ್ಯಾಡ ಮಾರಾಯ’ ಎಂದು ಶಿವಕುಮಾರಪ್ಪನೂ ನಕ್ಕ. ಅಷ್ಟರಲ್ಲಿ ಗಂಟು ತಟ್ಟೆಯೊಳಗೆ ಬಿದ್ದಿತ್ತು.

ಮುರುಗೇಶಪ್ಪ ತಟ್ಟೆಯಲ್ಲಿದ್ದ ಗಂಟನ್ನು ನೋಡಿದ. ಹುಡುಗನ ಕೈ ನಿಧಾನ. ತಾನಾಗಿದ್ದರೆ ಅದೇ ಹೊತ್ತಿಗೆ ಇಂಥ ನಾಲ್ಕು ಗಂಟು ತೆಗೆದಿರುತ್ತಿದ್ದ. ಆದರೆ ಅವನ ಮೇಜಿನ ಮೇಲೆ ಮಲಗಿದ ಯಾರೂ ಎತ್ತಿನ ಸುದ್ದಿ ಹೇಳಿರಲಿಲ್ಲ. ಯಾರೂ ನಕ್ಕಿರಲಿಲ್ಲ. ಎದ್ದ ಮೇಲೆ ಕೈ ಮುಗಿಯುತ್ತಿದ್ದರು, ನಿಜ. ಆ ಕೈ ಮುಗಿಯುವುದು ಮಾರಿಗೆ ಮುಗಿದಂತಿರುತ್ತಿತ್ತು ಎಂದು ಅವನಿಗೆ ಹೊಳೆದದ್ದು ಅವತ್ತೇ ಮೊದಲು.

ನೋವಿಲ್ಲದ ಮೇಲೆ ಗಾಯವೂ ಇಲ್ಲವೆಂದು ತಿಳಿದ ದೊಡ್ಡತಿಮ್ಮಪ್ಪ ಅದೇ ಮಧ್ಯಾಹ್ನ ಗಾಡಿಗೆ ಕೊಬ್ಬರಿ ಮೂಟೆ ಹೇರಿದ. ಹೊಲಿಗೆ ಹರಿದು ಗಾಯ ಕೆಟ್ಟಿತು. ಮೂಟೆ ಹೊತ್ತದ್ದಕ್ಕೇ ಹರಿದದ್ದು ಎಂದು ಮುರುಗೇಶಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಪೇಟೆಯ ಅಂಗಡಿ ಜಗಲಿಯ ಮೇಲೆ ಕುಳಿತು, ‘ಮರಗಟ್ಟಿದ ಮಾಂಸಕ್ಕೆ ಗಾಯ ಆಗೈತೆ ಅಂತಲೇ ಗೊತ್ತಾಗಾಕಿಲ್ಲ. ಗೊತ್ತಾಗದಿದ್ದ ಮ್ಯಾಲೆ ಅದು ಕೂಡೋದು ಹೆಂಗೆ?’ ಎಂದ. ಮಾತಿಗೆ ತೂಕವಿತ್ತು. ಅದರಲ್ಲಿ ಒಂದಂಶ ನಿಜವೂ ಇತ್ತು: ಹಳೆಯ ಕೊಕೇನನ್ನು ಗಟ್ಟಿಯಾಗಿ ಕಲಸಿ ಹಾಕಿದರೆ ಗಾಯದ ಅಂಚು ಕೂಡುವುದು ತಡವಾಗುತ್ತದೆಂದು ಅವನು ವೈದ್ಯ ಮಾಸಿಕವೊಂದರಲ್ಲಿ ಓದಿದ್ದ. ನೊವೊಕೇನಿಗೂ ಆ ಮಾತು ಸಲ್ಲುತ್ತದೆಂದು ಆ ಮಾಸಿಕ ಹೇಳಿರಲಿಲ್ಲ.

ಮಾತು ಆಸ್ಪತ್ರೆ ಕಮಿಟಿಯ ಯಜಮಾನ, ಕೊಬ್ಬರಿ ಮಂಡಿಯ ಪರಮೇಶ್ವರಪ್ಪನ ಕಿವಿಗೆ ಹೋಯಿತು. ಅವನು ಇಬ್ಬರನ್ನೂ ಕೂರಿಸಿಕೊಂಡು ಹೇಳಿದ: ‘ನಾವು ಕಾಯಿ ಸುಲಿಯೋ ಜನ, ನಮಗೆ ಇದೆಲ್ಲ ತಿಳಿಯಾಕಿಲ್ಲ. ಸೂಜಿ ಚುಚ್ಚಿ ಕುಯ್ದ ಗಾಯ ಮಾಯ್ತಾವೋ ಇಲ್ಲೋ, ಯುಗಾದಿ ಮಟ ನೋಡಾಣ. ಮಾಯ್ದ್ರೆ ಕತ್ತಿ ಸಣ್ಣ ಡಾಕ್ಟ್ರ ಕೈಲಿರ್ಲಿ. ದೊಡ್ಡ ಡಾಕ್ಟ್ರು ಜ್ವರ, ಭೇದಿ ನೋಡ್ಕಳ್ಲಿ. ಕೆಟ್ರೆ ಸೂಜಿ ಪೆಟ್ಟಿಗೇಲಿರ್ಲಿ.’

ಅಂದಿನಿಂದ ಮುರುಗೇಶಪ್ಪ ಶಿವಕುಮಾರಪ್ಪ ಹೊಲಿದ ಪ್ರತಿಯೊಂದು ಗಾಯವನ್ನೂ ಕಳ್ಳಗಣ್ಣಿನಿಂದ ನೋಡತೊಡಗಿದ. ಮಾಯುತ್ತಿದ್ದವು. ಮಾಯ್ದ ಒಂದೊಂದು ಗಾಯವೂ ಅವನನ್ನು ಜ್ವರದ ಕೋಣೆಯ ಕಡೆಗೆ ಒಂದಿಷ್ಟು ತಳ್ಳುತ್ತಿತ್ತು.

ಕೈಗೆ ಕೆಲಸವಿಲ್ಲದ ಕಾಟಯ್ಯ ಪಡಸಾಲೆಯ ಕಂಬಕ್ಕೆ ಒರಗಿ ಕೂರುತ್ತಿದ್ದ. ‘ಏನ್ ಬುದ್ಧಿ ಇದು’ ಎಂದ ಒಂದು ದಿನ. ‘ಹಿಂಗೇ ಆದ್ರೆ ನಾನು ಹಿಡ್ಕಳಾಕೆ ನಮ್ಮನೆ ಎಮ್ಮೆ ಕರಾನೇ ಗತಿ.’

‘ಗಾಯ ಕೆಡ್ಲಿ, ನಿನ್ನೇ ಕರೀತಾರೆ’ ಎಂದ ಮುರುಗೇಶಪ್ಪ.

‘ಕೆಡ್ಲಿ ಅಂತೀರಾ?’

ಮುರುಗೇಶಪ್ಪ ಎದ್ದು ಒಳಗೆ ಹೋದ.

ಯುಗಾದಿ ಹತ್ತಿರ ಬರುತ್ತಿದ್ದಾಗ ಮುರುಗೇಶಪ್ಪನಿಗೆ ಚಿತ್ರದುರ್ಗದ ಕೋರ್ಟಿನಿಂದ ಸಮನ್ಸು ಬಂತು. ಹೊಡೆದಾಟದ ಮೊಕದ್ದಮೆಯೊಂದರಲ್ಲಿ ಗಾಯದ ಬಗ್ಗೆ ಸಾಕ್ಷಿ ಹೇಳಬೇಕಿತ್ತು. ಎತ್ತಿನ ಗಾಡಿಯಲ್ಲಿ ಹೊರಟ. ದಾರಿಯಲ್ಲಿ ಹೊಳಲ್ಕೆರೆಯ ಛತ್ರದಲ್ಲಿ ಇಳಿದು ಕೈಕಾಲು ತೊಳೆಯುತ್ತಿದ್ದಾಗ ಛತ್ರದ ಮುದುಕ ಕೇಳಿದ, ‘ನೀವು ಹೊಸದುರ್ಗದೋರೇನ್ರಿ? ಅಲ್ಲಿ ಯಾರೋ ನೋವಾಗ್ದಂಗೆ ಕುಯ್ಯೋ ಡಾಕ್ಟ್ರು ಬಂದವ್ರಂತೆ. ನೀವು ಕಂಡೀರಾ?’

‘ಕಂಡೀನಿ.’

‘ನಿಜವೇ ಅಂತೀರಾ?’

‘ಕುಯ್ಯುವಾಗ ನೋವಿಲ್ಲ. ಆಮ್ಯಾಲಿನ ಮಾತು ಬ್ಯಾರೆ’ ಎಂದು ಮುರುಗೇಶಪ್ಪ ಮುಖ ಒರೆಸಿಕೊಂಡ. ಚಿತ್ರದುರ್ಗದಲ್ಲೂ ತಪ್ಪಲಿಲ್ಲ. ಕೋರ್ಟಿನ ಗುಮಾಸ್ತ ಹಿರೇಗುಂಟನೂರಿನವನು. ತನ್ನ ತಾಯಿಯ ಕೈಗಂಟಿಗೆ ಹೊಸದುರ್ಗಕ್ಕೆ ಯಾವ ವಾರ ಕರೆದುಕೊಂಡು ಬರಲಿ ಎಂದು ಕೇಳಿದ. ‘ನನ್ನ ಹತ್ರಾನಾ?’ ಎಂದದ್ದಕ್ಕೆ, ‘ಇಲ್ರಿ, ಆ ಸಣ್ಣ ಡಾಕ್ಟ್ರ ಹತ್ರ’ ಎಂದು ಸಂಕೋಚವಿಲ್ಲದೆ ಹೇಳಿದ.

ಸಾಕ್ಷಿ ಮುಗಿಸಿ ಹೊಸದುರ್ಗಕ್ಕೆ ಮರಳಿದಾಗ ಮಧ್ಯಾಹ್ನವಾಗಿತ್ತು. ಮನೆಯ ಬಾಗಿಲಲ್ಲಿ ಓಬವ್ವ ಕುಳಿತಿದ್ದಳು. ಒಳಗೆ ಮರುಳಸಿದ್ದಮ್ಮ ಚಾಪೆಯ ಮೇಲೆ ಒಂದು ಮಗ್ಗುಲಾಗಿ ಮಲಗಿದ್ದಳು. ಕೂದಲನ್ನು ಮೇಲಕ್ಕೆತ್ತಿ ನೆತ್ತಿಯ ಮೇಲೆ ಗಂಟು ಹಾಕಿತ್ತು. ಕುತ್ತಿಗೆಗೆ ಬಿಳಿ ಪಟ್ಟಿ.

‘ಬೆಳಿಗ್ಗೆ ತೆಗೆಸ್ಕಂಡೆ’ ಎಂದಳು, ಅವನು ಕೇಳುವ ಮೊದಲೇ.

‘ನಾನಿಲ್ದಾಗ?’

‘ನೀವಿದ್ರೆ ಬಿಡ್ತಿದ್ರೇನು?’

ಓಬವ್ವನಿಗೆ ಗಂಡಹೆಂಡಿರ ನಡುವಿನ ಗಾಳಿ ತಿಳಿಯಲಿಲ್ಲ. ‘ನಾನು ಪಕ್ಕದಾಗೇ ಇದ್ದೆ ಬುದ್ಧಿ, ಏನೂ ಯೋಚ್ನೆ ಮಾಡ್ಬ್ಯಾಡ್ರಿ. ಅಮ್ಮಾರು ಒಂದ್ ಸಲಾನೂ ಹಾ ಅನ್ಲಿಲ್ಲ. ಸಣ್ಣ ಡಾಕ್ಟ್ರು ಮಾತಾಡಿಸ್ತಾ ಇದ್ರು, ಅಮ್ಮಾರು ಹೇಳ್ತಾ ಇದ್ರು. ಎಂಥಾ ನಗು ಅಂತೀರಾ’ ಎಂದಳು.

ಅಲ್ಲಿಗೆ ಮುರುಗೇಶಪ್ಪನ ಮನಸ್ಸು ಗಂಟನ್ನು ಬಿಟ್ಟು ನಗುವನ್ನು ಹಿಡಿದುಕೊಂಡಿತು. ಓಬವ್ವ ಹೋದ ಮೇಲೆ ಕೇಳಿದ, ‘ಏನು ಮಾತಾಡಿದೆ ಅವನ ಹತ್ರ?’

‘ಹಿಟ್ಟಿನ ವಿಚಾರ.’

‘ಯಾವ ಹಿಟ್ಟು?’

‘ರಾಗಿ ಹಿಟ್ಟು. ಇನ್ಯಾವ್ದು?’ ಎಂದು ಅವಳು ಕಣ್ಣು ಮುಚ್ಚಿದಳು.

ಅವನು ನಂಬಲಿಲ್ಲ. ರಾಗಿ ಹಿಟ್ಟಿನಲ್ಲಿ ನಗುವಂಥದ್ದು ಏನಿದೆ? ತನ್ನ ಹತ್ತಿರ ಅವಳು ಮನಸಾರೆ ನಕ್ಕದ್ದು ಯಾವಾಗ ಎಂದು ನೆನೆಸಿಕೊಳ್ಳಲು ಹೋದ. ನೆನಪಾಗಲಿಲ್ಲ. ಪರರ ಮೈ ಮೇಲಿನ ಕಡಲೆಯಷ್ಟು ಗಂಟನ್ನೂ ಬೆರಳ ತುದಿಯಲ್ಲಿ ಹುಡುಕುವವನು ತಾನು. ತನ್ನ ಮನೆಯ ಗಂಟನ್ನು ನಿನ್ನೆ ಮೊನ್ನೆ ಬಂದ ಹುಡುಗ ತೆಗೆದು ತಟ್ಟೆಗೆ ಹಾಕಿದ್ದ, ಅದೂ ಅವಳನ್ನು ನಗಿಸಿ.

ಶಿವಕುಮಾರಪ್ಪ ಬಂದು ಹೊರಗೇ ನಿಂತ. ‘ಸಾರ್, ಅಕ್ಕಾರೇ ಬಂದು ಕೇಳಿದ್ರು. ನೀವು ಬರೋ ತನಕ ಕಾಯಾಣ ಅಂದೆ, ಒಪ್ಪಲಿಲ್ಲ. ತಪ್ಪಾಗಿದ್ರೆ ನನ್ನದು.’

‘ಗಂಟು ಪೂರಾ ಬಂತಾ?’

‘ಚೀಲದ ಸಮೇತ ಬಂತು ಸಾರ್. ಪಟ್ಟಿ ನೀವೇ ನೋಡ್ಕಳ್ತೀರಾ? ನಾನು ಹೊತ್ತುಹೊತ್ತಿಗೆ ಮನೆ ಒಳಗೆ ಬರೋದಕ್ಕಿಂತ ನಿಮ್ಮ ಕೈಲಿದ್ರೆ ನನಗೂ ಧೈರ್ಯ.’

‘ಆಗ್ಲಿ’ ಎಂದ ಮುರುಗೇಶಪ್ಪ.

ಪೇಟೆಯ ತುಂಬ ಸುದ್ದಿಯಾಗಿತ್ತು. ಅರ್ಧ ಮಂತ್ರದ ಡಾಕ್ಟರ ಹೆಂಡತಿಯೇ ಸೂಜಿ ಚುಚ್ಚಿಸಿಕೊಂಡಳಂತೆ. ಕಮಿಟಿಯವರಿಗೆ ಇನ್ನು ಬೇರೆ ರೋಗಿಗಳ ಗಾಯ ನೋಡುವ ಅಗತ್ಯವೇ ಬೀಳಲಿಲ್ಲ. ಈ ಗಾಯ ಮಾಯ್ದರೆ ಯುಗಾದಿಯ ನಂತರ ಕತ್ತಿ ಕೈಬಿಟ್ಟಂತೆ. ಇದು ಪೇಟೆಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಸಂಜೆ, ಬೆಳಕಿರುವಾಗಲೇ, ಕೈ ತೊಳೆದು ಪಟ್ಟಿ ಬಿಚ್ಚಿದ. ಹೊಲಿಗೆ ಚೊಕ್ಕವಾಗಿತ್ತು, ಅಂಚಿಗೆ ಅಂಚು ಕೂತಿತ್ತು. ಅದು ಅವನ ಹೊಟ್ಟೆ ಉರಿಸಿತು. ಆಮೇಲೆ ಬೆರಳಿಟ್ಟು ನೋಡಿದ. ಹೊಲಿಗೆಯ ಕೆಳಗೆ, ಗಂಟಿದ್ದ ಗೂಡಿನಲ್ಲಿ, ಮೆತ್ತನೆಯ ಉಬ್ಬು ಸಿಕ್ಕಿತು. ಒತ್ತಿದರೆ ಒಳಗೆ ದ್ರವ ಸರಿಯುತ್ತಿತ್ತು.

ಏನಾಗಿದೆಯೆಂದು ಅವನಿಗೆ ತಕ್ಷಣ ತಿಳಿಯಿತು. ನಾಳ ಬಿಗಿಯುವ ಮದ್ದು ಇರುವಷ್ಟು ಹೊತ್ತು ರಕ್ತ ನಿಂತಿತ್ತು. ಬೆಳಿಗ್ಗೆ ಹುಡುಗ ಒಣಗಿದ ಗಾಯ ಕಂಡು, ಇನ್ನು ರಕ್ತವಿಲ್ಲವೆಂದು ಹೊಲಿದುಬಿಟ್ಟಿದ್ದಾನೆ. ಮಧ್ಯಾಹ್ನ ಮದ್ದು ಇಳಿದಿದೆ, ಬಿಗಿದಿದ್ದ ನಾಳ ಸಡಿಲಾಗಿ ಒಳಗೇ ಒಸರಿದೆ. ನೋವು ಕೊಟ್ಟು ಕುಯ್ದಾಗ ಹೀಗಾಗುವುದು ಕಡಿಮೆ. ಒಸರುವ ನಾಳ ಕುಯ್ಯುವಾಗಲೇ ಕಣ್ಣಿಗೆ ಬೀಳುತ್ತದೆ, ಅಲ್ಲೇ ಹಿಚುಕಿ ಕಟ್ಟಬಹುದು. ಆದರೆ ಇದೂ ದೊಡ್ಡ ಕಷ್ಟವಲ್ಲ. ಒಂದು ಹೊಲಿಗೆ ಬಿಚ್ಚಿ, ಒತ್ತಿ ರಕ್ತ ಹೊರಗೆ ಹಾಕಿ, ಬಿಗಿಯಾಗಿ ಪಟ್ಟಿ ಕಟ್ಟಿದರೆ ಮುಗಿಯಿತು. ಗಾಯ ಹುಡುಗನ ಉಳಿದ ಗಾಯಗಳ ಹಾಗೆಯೇ ಮಾಯುತ್ತದೆ. ಬಿಟ್ಟರೆ ನಿಂತ ರಕ್ತ ಕೀವಿಗೆ ಗೂಡಾಗುತ್ತದೆ.

‘ಹೆಂಗೈತ್ರಿ?’ ಎಂದಳು ಮರುಳಸಿದ್ದಮ್ಮ, ಮುಖ ಆ ಕಡೆಗೆ ಮಾಡಿಕೊಂಡೇ.

ಕತ್ತರಿ ಕೈಗೆಟಕುವಂತಿತ್ತು. ಅವನು ಅದನ್ನು ನೋಡಿದ. ಇದು ಆ ಹುಡುಗನ ಕೆಲಸ, ಅವನೇ ಬಂದು ನೋಡಲಿ, ನಾಳೆ ನೋಡಲಿ, ಎಂದು ಮನಸ್ಸು ಹೇಳಿತು. ನಾಳೆ ಎನ್ನುವುದರಲ್ಲಿ ತಪ್ಪೇನಿದೆ ಎಂದೂ ಹೇಳಿತು.

‘ಚೆನ್ನಾಗೈತೆ’ ಎಂದು ಹೊಸ ಪಟ್ಟಿ ಸುತ್ತಿದ.

ಅವಳು ಹೂಂ ಎನ್ನಲಿಲ್ಲ.

ಮರುದಿನ ಬೆಳಿಗ್ಗೆ ಶಿವಕುಮಾರಪ್ಪ ಪಡಸಾಲೆಯಲ್ಲಿ ಎದುರಾಗಿ, ‘ಅಕ್ಕಾರ ಗಾಯ ಹೆಂಗೈತೆ ಸಾರ್?’ ಎಂದ. ‘ಇರಬೇಕಾದಂಗೈತೆ’ ಎಂದ ಮುರುಗೇಶಪ್ಪ. ಹುಡುಗನ ಮುಖ ಅರಳಿತು. ಅದು ಅರಳಿದ್ದು ನೋಡಿ, ಹೇಳಬೇಕೆಂದು ಗಂಟಲಿಗೆ ಬಂದಿದ್ದ ಮಾತು ವಾಪಸು ಇಳಿಯಿತು. ಆ ಸಂಜೆ ಉಬ್ಬು ಬಿಸಿಯಾಗಿತ್ತು, ಚರ್ಮ ಕೆಂಪಗಿತ್ತು. ಈಗಲಾದರೂ ಬಿಚ್ಚಬೇಕು. ಬಿಚ್ಚಿದರೆ ನಿನ್ನೆ ಯಾಕೆ ಬಿಚ್ಚಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಹಾಗೆ ಒಂದು ಸುಳ್ಳಿಗೆ ಇನ್ನೊಂದನ್ನು ಒರಗಿಸಿ ನಿಲ್ಲಿಸಿದ. ‘ಸ್ವಲ್ಪ ಊದೈತೆ, ಸೂಜಿ ಚುಚ್ಚಿದ್ಕೆ. ಇಳೀತೈತೆ’ ಎಂದ.

ಅದರ ಮರುದಿನ ಮರುಳಸಿದ್ದಮ್ಮನಿಗೆ ಚಳಿಜ್ವರ ಬಂತು. ಕುತ್ತಿಗೆ ತಿರುಗಿಸಲಾರದೆ ಹೋದಳು. ಪಟ್ಟಿ ಬಿಚ್ಚಿದರೆ ಹೊಲಿಗೆಯ ಸಂದಿನಿಂದ ಕೀವು ಜಿನುಗುತ್ತಿತ್ತು.

ಮುರುಗೇಶಪ್ಪನೇ ಹೋಗಿ ಶಿವಕುಮಾರಪ್ಪನನ್ನು ಕರೆತಂದ. ಹುಡುಗ ಗಾಯ ನೋಡಿ ಬಿಳಿಚಿಕೊಂಡ. ‘ನನ್ನ ತಪ್ಪು ಸಾರ್’ ಎಂದ ಮೆಲ್ಲಗೆ. ‘ಮದ್ದು ಇಳಿದ ಮ್ಯಾಲೆ ರಕ್ತ ಬಂದಿರ್ಬೇಕು. ನಾನು ಕಾದು ನೋಡಿ ಹೊಲೀಬೇಕಿತ್ತು. ನೀವು ಹೇಳಿದ್ದೇ ಸರಿ. ಕಮಿಟಿಯೋರಿಗೆ ನಾನೇ ಹೇಳ್ತೀನಿ.’

ಬಯಸಿದ್ದು ತಾನಾಗಿ ಬಾಯಿಗೆ ಬಂದು ಬಿದ್ದಂತಿತ್ತು. ಮುರುಗೇಶಪ್ಪ ಅದನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ. ‘ಮೊದ್ಲು ಬಿಚ್ಚಿ ತೊಳೀಬೇಕು’ ಎಂದ. ‘ಕೀವಾದ ಜಾಗಕ್ಕೆ ನಿನ್ನ ಸೂಜಿ ಹತ್ತಾಕಿಲ್ಲ.’

‘ಹೌದು ಸಾರ್, ಅಲ್ಲಿ ಮರಗಟ್ಟೋದು ಕಷ್ಟ. ಚುಚ್ಚಿದ್ರೆ ಕೀವು ಒಳಗೆ ಹರಡಬಹುದು. ಕ್ಲೋರೋಫಾರಂ?’

‘ಜ್ವರ ಇಷ್ಟೈತೆ, ನಾಡಿ ಓಡ್ತೈತೆ. ಬ್ಯಾಡ. ಹಂಗೇ ಮಾಡಾಣ. ನಾನು ಮಾಡ್ತೀನಿ.’

ಆಗ ಮರುಳಸಿದ್ದಮ್ಮ ಕಣ್ಣು ತೆರೆದಳು. ‘ನಿಮ್ಮ ಕೈ ಬ್ಯಾಡ’ ಎಂದಳು.

‘ಲೇ, ಸೂಜಿ ಇಲ್ದೆ ಮಾಡೋದಿದು. ಅವನ ಕೈ ನಿಧಾನ. ನಾನಾದ್ರೆ…’

‘ಗೊತ್ತು. ನಿಮ್ಮ ಕೈ ಎಷ್ಟು ಬಿರುಸು ಅಂತ ನನಗೆ ಗೊತ್ತಿಲ್ವಾ?’ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಶಿವಕುಮಾರಪ್ಪ ನೀರು ಕಾಯಿಸಲು ಹೇಳಿ ಬರುವ ನೆವದಲ್ಲಿ ಹೊರಗೆ ಹೋದ. ಅವಳು ದನಿ ತಗ್ಗಿಸಿದಳು. ‘ಮೊದಲ್ನೇ ಸಂಜೆ ನೀವು ಪಟ್ಟಿ ಬಿಚ್ಚೋಕೆ ಮುಂಚೇನೇ ನಾನು ಬೆರಳು ತೂರ್ಸಿ ನೋಡ್ಕಂಡಿದ್ದೆ. ಉಬ್ಬು ನನ್ನ ಕೈಗೂ ಸಿಕ್ಕಿತ್ತು. ನೀವು ಹೇಳ್ತೀರಿ ಅಂತ ಕಾದೆ. ಯಾರಿಗೂ ಚೆನ್ನಾಗೈತೆ ಅಂತ ಸುಳ್ಳು ಹೇಳಿದೋರಲ್ಲ ನೀವು. ಸಾಯೋರಿಗೂ ಸಾಯ್ತೀಯ ಅಂತ್ಲೇ ಹೇಳ್ದೋರು.’

ಮುರುಗೇಶಪ್ಪ ಕೈಲಿದ್ದ ಪಟ್ಟಿಯನ್ನು ಕೆಳಗಿಟ್ಟ.

‘ಅವ್ರೇ ಮಾಡ್ಲಿ’ ಎಂದಳು. ‘ನೀವು ಮನೆ ಕಡೆ ಇರ್ರಿ.’

ಅವಳನ್ನು ಕಾಟಯ್ಯನೂ ಓಬವ್ವನೂ ಎರಡೂ ಕಡೆ ಹಿಡಿದು ಕತ್ತಿಕೋಣೆಗೆ ನಡೆಸಿಕೊಂಡು ಹೋದರು. ಬಹಳ ದಿನಗಳ ಮೇಲೆ ಕಾಟಯ್ಯನ ಕೈಗೆ ಕೆಲಸ ಬಂದಿತ್ತು. ಅವನು ಡಾಕ್ಟರ ಮುಖ ನೋಡದೆ ತಲೆ ತಗ್ಗಿಸಿಕೊಂಡು ಹೋದ.

ಮುರುಗೇಶಪ್ಪ ಅಡುಗೆಮನೆಯಲ್ಲಿ ಒಬ್ಬನೇ ನಿಂತ. ಸೂಜಿಯಿಲ್ಲ, ಮರಗಟ್ಟುವುದಿಲ್ಲ. ಆದರೂ ಅವಳು ಆ ನಿಧಾನದ ಕೈಯನ್ನೇ ಆರಿಸಿದ್ದಳು. ಈ ಹೊತ್ತಿನಲ್ಲೂ ಅವನನ್ನು ಮೊದಲು ಚುಚ್ಚಿದ್ದು ಅದೇ. ಗೋಡೆಯಾಚೆ ಮೇಜು ಎಳೆದ ಸದ್ದು, ತಟ್ಟೆಯ ಸದ್ದು. ‘ತಾಯಿ, ಒಂದು ಗಳಿಗೆ ತಡ್ಕಳ್ರಿ’ ಎಂಬ ಶಿವಕುಮಾರಪ್ಪನ ಮಾತು, ಇದೇ ಕೋಣೆಯಲ್ಲಿ ಆಡಿದಷ್ಟು ಸ್ಪಷ್ಟವಾಗಿ ಕೇಳಿತು. ಆ ಗೋಡೆ ಇಷ್ಟು ತೆಳುವೆಂದು ಅವನಿಗೆ ತಿಳಿದಿರಲಿಲ್ಲ. ಕತ್ತಿ ನಡೆಯುವಾಗ ಅವನು ಯಾವತ್ತೂ ಈ ಕಡೆ ಇದ್ದವನಲ್ಲ.

ಮರುಳಸಿದ್ದಮ್ಮ ಪಂಚಾಕ್ಷರಿ ಶುರುಮಾಡಿದಳು. ಒಂದು ಸಲ ಪೂರ್ತಿ ಹೇಳಿದಳು. ಎರಡನೆಯದು ಅರ್ಧಕ್ಕೆ ಮುರಿಯಿತು. ಆಮೇಲೆ ಬಂದದ್ದು ಮಂತ್ರವಲ್ಲ. ಅಂಥ ದನಿ ಅವಳಲ್ಲಿದೆಯೆಂದು ಅವನು ಇಷ್ಟು ವರ್ಷ ಒಟ್ಟಿಗಿದ್ದೂ ಅರಿತಿರಲಿಲ್ಲ. ಕಿವಿ ಮುಚ್ಚಿಕೊಂಡ. ಸಾಲದಾಯಿತು. ಹಿತ್ತಲಿಗೆ ಹೋದ, ಅಲ್ಲೂ ಕೇಳಿಸಿತು, ಒಳಗೆ ಬಂದ. ಕೀವಿನ ಗೂಡು ತೊಳೆಯುವುದು ಅರ್ಧ ಮಂತ್ರದ ಕೆಲಸವಲ್ಲ, ತನ್ನ ಕೈಯಾಗಿದ್ದರೂ ಹೊತ್ತು ಹಿಡಿಯುತ್ತಿತ್ತು. ಅವನು ಗೋಡೆಯ ಬುಡದಲ್ಲಿ ಕುಸಿದು ಕುಳಿತ. ಕೈಗೆ ಬೀಸುವ ಕಲ್ಲಿನ ಗೂಟ ಸಿಕ್ಕಿತು.

ತಾನೇನು ಮಾಡುತ್ತಿದ್ದೇನೆಂದು ಯೋಚಿಸದೆ ಅವನು ಅದನ್ನು ತಿರುಗಿಸಿದ. ಕಾಳಿಲ್ಲದ ಕಲ್ಲು ಗರಗರ ಎಂದಿತು. ಇನ್ನೂ ಜೋರಾಗಿ ತಿರುಗಿಸಿದ. ಗೋಡೆಯಾಚೆಯ ದನಿ ಆ ಗರಗರದ ಹಿಂದಕ್ಕೆ ಸರಿಯಿತು. ಎರಡೂ ಕೈ ಹಾಕಿ, ಬೆನ್ನು ಬಾಗಿಸಿ ತಿರುಗಿಸಿದ.

ಆಗ ಅವನಿಗೆ ಹಿಟ್ಟಿನ ವಿಚಾರ ತಿಳಿಯಿತು. ಕತ್ತಿಯಿದ್ದ ಬೆಳಿಗ್ಗೆಗಳಲ್ಲೇ ಯಾಕೆ ಕಲ್ಲು ತಿರುಗುತ್ತಿತ್ತು, ಇಬ್ಬರೇ ಇರುವ ಮನೆಯಲ್ಲಿ ಯಾಕೆ ಅಷ್ಟು ಹಿಟ್ಟು, ನೋಯದ ಗಂಟನ್ನು ಯಾಕೆ ಅವಳು ಹೊತ್ತುಕೊಂಡೇ ತಿರುಗಿದಳು, ಎಲ್ಲ. ಅವಳು ಇದನ್ನು ಗಂಡನಿಗೆ ಹೇಳಿರಲಿಲ್ಲ. ನೋವಿಲ್ಲದೆ ಮಲಗಿದ ಮೇಜಿನ ಮೇಲೆ, ಊರಿಗೆ ಹೊಸಬನಾದ ಹುಡುಗನಿಗೆ ನಗುತ್ತ ಹೇಳಿದ್ದಳು. ಅಸೂಯೆ ಆಗಲೂ ಬಂತು. ಇನ್ನೊಂದು ಸುತ್ತು ತಿರುಗಿಸಿದ.

ಶಿವಕುಮಾರಪ್ಪ ಬಂದು ಬಾಗಿಲಲ್ಲಿ ನಿಂತಾಗಲೂ ಕಲ್ಲು ತಿರುಗುತ್ತಿತ್ತು. ‘ಮುಗೀತು ಸಾರ್’ ಎಂದ. ಕಲ್ಲನ್ನು ನೋಡಿದ, ಡಾಕ್ಟರನ್ನು ನೋಡಿದ.

ಗಾಯವನ್ನು ಮತ್ತೆ ಹೊಲಿಯಲಿಲ್ಲ. ಬುಡದಿಂದ ತುಂಬಿಕೊಂಡು ಬರಲೆಂದು ಬಟ್ಟೆಯ ಬತ್ತಿ ತುರುಕಿ ಬಿಟ್ಟರು. ದಿನವೂ ಬತ್ತಿ ಬದಲಿಸುವುದು ಶಿವಕುಮಾರಪ್ಪನ ಕೆಲಸವಾಯಿತು. ಜ್ವರ ಇಳಿಯಿತು. ಯುಗಾದಿ ಬಂದು ಹೋಯಿತು. ಹಬ್ಬದ ಹೋಳಿಗೆಗೆ ಹೂರಣ ಅರೆದವಳು ಓಬವ್ವ.

ಹಬ್ಬ ಕಳೆದ ಮೇಲೆ ಪರಮೇಶ್ವರಪ್ಪ ಕಮಿಟಿಯ ಇನ್ನಿಬ್ಬರೊಡನೆ ಆಸ್ಪತ್ರೆಗೆ ಬಂದ. ಕುರ್ಚಿಯಲ್ಲಿ ಕುಂತು ಎಲೆಯಡಿಕೆ ಹಾಕಿಕೊಂಡ. ‘ಸಣ್ಣ ಡಾಕ್ಟ್ರು ತಮ್ಮದೇ ತಪ್ಪು ಅಂತ ಆಗ್ಲೇ ಹೇಳ್ಯಾರೆ’ ಎಂದ. ‘ದೊಡ್ಡ ಡಾಕ್ಟ್ರ ಮಾತೇ ನಿಜ ಆತು. ಬ್ಯಾರೆ ಯಾರ ಮನೇದಾದ್ರೂ ಆಗಿದ್ರೆ ಅನುಮಾನ ಪಡ್ಬೋದಿತ್ತು, ಸ್ವಂತ ಮನೇಲೇ ಆಗೈತೆ. ಹಂಗಾಗಿ ಆ ಸೂಜಿ ಇವತ್ತಿಂದ…’

‘ಗಾಯ ಕೆಟ್ಟಿದ್ದು ಸೂಜಿಯಿಂದಲ್ಲ’ ಎಂದ ಮುರುಗೇಶಪ್ಪ.

ಪರಮೇಶ್ವರಪ್ಪ ಬಾಯಲ್ಲಿದ್ದ ಎಲೆಯನ್ನು ದವಡೆಗೆ ಸರಿಸಿದ. ‘ಮತ್ತೆ?’

ಮುರುಗೇಶಪ್ಪ ಕೋರ್ಟಿನ ಕಟಕಟೆಯಲ್ಲಿ ನಿಂತು ಹೇಳುವ ದನಿಯಲ್ಲೇ ಹೇಳಿದ. ‘ಮದ್ದು ಇಳಿದ ಮ್ಯಾಲೆ ಒಳಗೆ ರಕ್ತ ನಿಂತಿತ್ತು. ಇಂಥದ್ದು ಒಂದೊಂದ್ಸಲ ಆಗ್ತೈತೆ. ಅದೇ ಸಂಜೆ ಒಂದು ಹೊಲಿಗೆ ಬಿಚ್ಚಿದ್ರೆ ಮಾಯ್ತಿತ್ತು. ಬಿಚ್ಚಲಿಲ್ಲ. ಅದಕ್ಕೆ ಕೀವಾತು.’

‘ಯಾರು ಬಿಚ್ಚಬೇಕಿತ್ತು?’

‘ಪಟ್ಟಿ ನನ್ನ ಕೈಲಿತ್ತು. ಉಬ್ಬು ನನಗೆ ಸಿಕ್ಕಿತ್ತು.’

ಕಂಬಕ್ಕೊರಗಿದ್ದ ಕಾಟಯ್ಯ ನೆಟ್ಟಗೆ ಕುಳಿತ. ಹೊರಗೆ ಯಾರೋ ಕೊಬ್ಬರಿ ಗಾಡಿಗೆ ದಾರಿ ಬಿಡಿಸುತ್ತ ಕೂಗುತ್ತಿದ್ದರು. ಪರಮೇಶ್ವರಪ್ಪ ಎದ್ದುಹೋಗಿ ಎಲೆ ಉಗುಳಿ ಬಂದ.

‘ಅಲ್ಲಿಗೆ ಕತ್ತಿ?’ ಎಂದ, ನಿಂತುಕೊಂಡೇ.

‘ಸಣ್ಣ ಡಾಕ್ಟ್ರ ಕೈಲಿರ್ಲಿ. ಹೊಲಿಯೋಕೆ ಮುಂಚೆ ಸ್ವಲ್ಪ ಕಾಯಾದು ಅವ್ರು ಕಲ್ತಾರೆ. ದೊಡ್ಡತಿಮ್ಮಪ್ಪನ ಗಾಯ ಹರಿದಿದ್ದೂ ಮೂಟೆಯಿಂದ. ಅದೂ ನನಗೆ ಗೊತ್ತಿತ್ತು.’

ಮುರುಗೇಶಪ್ಪ ಜ್ವರದ ಕೋಣೆಗೆ ಹೋದ. ಅಲ್ಲಿ ಕ್ವಿನೈನಿನ ಕಹಿಗೆ ಮುಖ ಕಿವುಚುವ ಜನ, ಭೇದಿಯ ಮಕ್ಕಳು, ಕೆಮ್ಮು. ಪಕ್ಕದ ಕತ್ತಿಕೋಣೆಯಿಂದ ಆಗಾಗ ನಗು ಕೇಳಿಬರುತ್ತಿತ್ತು. ಆ ನಗು ಕೇಳಿದಾಗಲೆಲ್ಲ ಅವನ ಕೈ ರೋಗಿಯ ನಾಡಿಯ ಮೇಲೆ ಕೊಂಚ ಬಿಗಿಯಾಗುತ್ತಿತ್ತು. ಹಿರೇಗುಂಟನೂರಿನ ಗುಮಾಸ್ತ ತಾಯಿಯನ್ನು ಕರೆತಂದು, ದೊಡ್ಡ ಡಾಕ್ಟರಿಗೆ ಕೈ ಮುಗಿದು, ಸಣ್ಣ ಡಾಕ್ಟರ ಬಾಗಿಲಿಗೆ ಹೋದಾಗಲೂ ಬಿಗಿಯಾಯಿತು.

ಮರುಳಸಿದ್ದಮ್ಮನ ಗಾಯ ಮಾಯ್ದದ್ದು ಮಳೆಗಾಲ ಶುರುವಾದ ಮೇಲೆ. ಹೊಲಿಗೆಯಲ್ಲೇ ಕೂಡಿದ್ದರೆ ಗೆರೆಯಷ್ಟಿರುತ್ತಿದ್ದ ಕಲೆ ಹುಣಸೆಬೀಜದಷ್ಟು ಅಗಲಕ್ಕೆ, ಹೊಳಪಾಗಿ ಉಳಿಯಿತು. ಅವಳು ತುರುಬನ್ನು ಮತ್ತೆ ಕೆಳಗಿಳಿಸಲಿಲ್ಲ. ಎತ್ತಿಯೇ ಕಟ್ಟುತ್ತಿದ್ದಳು. ಊಟಕ್ಕೆ ಬಡಿಸಿ ಅತ್ತ ತಿರುಗಿದಾಗಲೆಲ್ಲ ಅದು ಅವನ ಕಣ್ಣಿಗೆ ಬೀಳುತ್ತಿತ್ತು.

ಒಂದು ಬೆಳಿಗ್ಗೆ ಜ್ವರದ ಕೋಣೆಯಲ್ಲಿದ್ದಾಗ ಮನೆಯ ಕಡೆಯಿಂದ ಬೀಸುವ ಕಲ್ಲಿನ ಸದ್ದು ಕೇಳಿಸಿತು. ಮುರುಗೇಶಪ್ಪ ದಿಗಿಲುಬಿದ್ದು ಎದ್ದ. ಕತ್ತಿಕೋಣೆಯ ಬಾಗಿಲು ದೂಡಿ ನೋಡಿದ. ಮೇಜು ಖಾಲಿಯಿತ್ತು. ಕಾಟಯ್ಯ ಅದನ್ನು ಒರೆಸುತ್ತಿದ್ದ. ಅಲ್ಲಿಂದ ಮನೆಗೆ ಬಂದ.

‘ಯಾಕೆ ಬೀಸ್ತಾ ಇದೀಯ?’

ಮರುಳಸಿದ್ದಮ್ಮ ತಲೆಯೆತ್ತಿ ಅವನನ್ನು ನೋಡಿದಳು. ‘ಹಿಟ್ಟು ಆಗೋಗಿತ್ತು’ ಎಂದಳು.

ಅವನು ಎದುರಿಗೆ ಕುಳಿತು, ಮೊರದಿಂದ ರಾಗಿ ಹಿಡಿಹಿಡಿಯಾಗಿ ತೆಗೆದು ಕಲ್ಲಿನ ಬಾಯಿಗೆ ಹಾಕತೊಡಗಿದ. ಕಲ್ಲು ಕಟ್ಟಿಕೊಂಡು ನಿಂತಿತು.

‘ನಿಧಾನ ಹಾಕ್ರಿ’ ಎಂದಳು ಅವಳು, ಗೂಟ ಬಿಡದೆ. ‘ನಿಮಗೆ ಎಲ್ಲಾದ್ರಾಗೂ ಅವಸರ.’